ಡೆಬಿಯನ್ ತಂತ್ರಾಂಶದ ಬಿಡುಗಡೆಯ ಕ್ರಮ

೧. ವಿಷಯಪ್ರವೇಶ

ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂಬ ಹೆಸರು ಕನ್ನಡದಲ್ಲಿ ಈಗ ನೆಲೆಗೊಂಡಿದೆ. ಈ ತಂತ್ರಾಂಶಗಳಲ್ಲಿ ಎರಡು ಬಗೆಗಳುಂಟು. ಒಂದನ್ನು ಯಾವುದೋ ಸಂಸ್ಥೆ ತನ್ನ ನೌಕರರಿಂದ ಬರೆಯಿಸಿ, ಮೂಲಸಂಕೇತವನ್ನು ತನ್ನಲ್ಲಿಯೇ ಗುಪ್ತವಾಗಿರಿಸಿಕೊಂಡು, ಫಲವನ್ನು ಮಾತ್ರ ಮಾರುತ್ತದೆ. ಇನ್ನೊಂದರ ಮೂಲಸಂಕೇತ ಎಲ್ಲರಿಗೂ ತೆರೆದಿರುತ್ತದೆ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಈ ಎರಡನೆಯದನ್ನು ಮುಕ್ತ ತಂತ್ರಾಂಶವೆಂದು ಕರೆಯುವುದು ವಾಡಿಕೆ.

ಮುಕ್ತ ತಂತ್ರಾಂಶವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ರಚನೆಯನ್ನು, ಪರವಾನಗಿಯನ್ನು, ಹಿಂದಿರುವ ಆದರ್ಶವನ್ನು ವಿವರಿಸುತ್ತಾರೆ. ಅದು ಜನರ ಕೈಗೆ ಬಂದು ಸೇರುವ ಬಗೆಯನ್ನು ವಿಚಾರಿಸುವವರು ವಿರಳ. ಆದರೆ ನಿಜವಾದ ಕಷ್ಟವಿರುವುದು ಅಲ್ಲಿಯೇ. ಸಂಸ್ಥೆಯೊಂದರಲ್ಲಿ ‘ಕೆಲಸ ಮುಗಿಯಿತು, ಇನ್ನು ಹೊರಗೆ ಕಳುಹಿಸಿರಿ’ ಎಂದು ಆಜ್ಞಾಪಿಸಲು ಒಬ್ಬ ಅಧಿಕಾರಿಯಿರುತ್ತಾನೆ. ಬೇರೆ ಬೇರೆ ದೇಶಗಳಲ್ಲಿ ಕುಳಿತು, ಬಹುಮಟ್ಟಿಗೆ ಸಂಬಳವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಕೆಲಸಮಾಡುವ ಜನರ ಕೂಟದಲ್ಲಿ ಈ ಮಾತನ್ನು ಯಾರು ಹೇಳಬೇಕು? ಯಾವ ಆಧಾರದ ಮೇಲೆ ಹೇಳಬೇಕು? ಹೇಳಿದರೆ ಉಳಿದವರು ಏಕೆ ಕೇಳಬೇಕು? ಈ ಮೂರು ಪ್ರಶ್ನೆಗಳನ್ನು ಡೆಬಿಯನ್ ಎಂಬ ಯೋಜನೆಯ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಪೂರ್ವವೃತ್ತಾಂತ

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಇಯನ್ ಮರ್ಡಾಕ್ ಎಂಬಾತನು ೧೯೯೩ರ ಆಗಸ್ಟ್ ೧೬ರಂದು ಡೆಬಿಯನ್ ಯೋಜನೆಯನ್ನು ಪ್ರಕಟಿಸಿದನು. ತನ್ನ ಹೆಸರನ್ನೂ ಡೆಬ್ರಾ ಎಂಬ ಗೆಳತಿಯ ಹೆಸರನ್ನೂ ಕೂಡಿಸಿ ಈ ಹೆಸರನ್ನಿಟ್ಟನು. ಲಿನಕ್ಸ್ ಎಂಬುದು ಗಣಕವ್ಯವಸ್ಥೆಯ ತಿರುಳು ಮಾತ್ರ. ಅದರೊಡನೆ ನೂರಾರು ಬೇರೆ ತಂತ್ರಾಂಶಗಳು ಹೊಂದಿಕೊಂಡು ನಡೆದರಲ್ಲದೆ ಬಳಕೆದಾರನಿಗೆ ಪ್ರಯೋಜನವಿಲ್ಲ. ಹೀಗೆ ಬೇರೆ ಬೇರೆ ಕರ್ತೃಗಳು ರಚಿಸಿದುದನ್ನು ಒಟ್ಟುಗೂಡಿಸಿ, ಒಂದಕ್ಕೊಂದು ಒಗ್ಗಿಸಿ, ಒಂದೇ ವ್ಯವಸ್ಥೆಯಾಗಿ ಹಂಚುವುದೇ ಡೆಬಿಯನ್ನಿನ ಕೆಲಸ. ಇಲ್ಲಿ ಒಂದೊಂದು ಘಟಕಕ್ಕೂ ‘ಪ್ಯಾಕೇಜು’ ಎಂದು ಹೆಸರು. ಪ್ರತಿಯೊಂದು ಪ್ಯಾಕೇಜಿಗೂ ಅದರ ಹೊಣೆ ಹೊತ್ತ ಪಾಲಕನೊಬ್ಬನೋ ಪಾಲಕರ ಗುಂಪೊಂದೋ ಇರುತ್ತದೆ.

ಡೆಬಿಯನ್ನಿನ ಆವೃತ್ತಿಗಳಲ್ಲಿ ೧.೦ ಎಂಬುದು ಇಲ್ಲವೆಂಬ ಸಂಗತಿ ಮೊದಲು ನೋಡುವವರಿಗೆ ಸೋಜಿಗವಾಗಿ ಕಾಣುತ್ತದೆ. ಅದರ ಕಾರಣ ಬೋಧಪ್ರದವಾಗಿದೆ. ೧೯೯೫ರ ಡಿಸೆಂಬರಿನಲ್ಲಿ ಸಿ.ಡಿ.ಗಳನ್ನು ಮಾರುವ ಸಂಸ್ಥೆಯೊಂದು, ಇನ್ನೂ ಸಿದ್ಧವಾಗುತ್ತಿದ್ದ ಅಪೂರ್ಣ ಪ್ರತಿಯೊಂದನ್ನು ತೆಗೆದುಕೊಂಡು, ಅದಕ್ಕೆ ‘ಡೆಬಿಯನ್ ೧.೦’ ಎಂಬ ಹೆಸರಿಟ್ಟು ಮಾರಾಟಮಾಡಿತು. ಅದರಲ್ಲಿ ಪರವಾನಗಿಯ ಉಲ್ಲಂಘನೆಯೇನೂ ಇರಲಿಲ್ಲ; ಮೂಲವು ಎಲ್ಲರಿಗೂ ತೆರೆದೇ ಇತ್ತು. ಆದರೆ ಕೊಂಡವರಿಗೆ ದೊರೆತದ್ದು ಸರಿಯಾಗಿ ನಡೆಯದ ವ್ಯವಸ್ಥೆ. ಅಪಕೀರ್ತಿ ಬಂದದ್ದು ಯೋಜನೆಗೆ. ಗೊಂದಲವನ್ನು ತಪ್ಪಿಸುವುದಕ್ಕಾಗಿ ಯೋಜನೆಯವರು ೧.೦ ಎಂಬ ಸಂಖ್ಯೆಯನ್ನೇ ಕೈಬಿಟ್ಟು, ೧೯೯೬ರ ಜೂನ್ ೧೭ರಂದು ತಮ್ಮ ಆವೃತ್ತಿಯನ್ನು ೧.೧ ಎಂದು ಪ್ರಕಟಿಸಿದರು.

ಈ ಪ್ರಸಂಗದಿಂದ ಒಂದು ಮುಖ್ಯವಾದ ತತ್ತ್ವ ಹೊರಪಡುತ್ತದೆ. ಗುಪ್ತವಾಗಿ ರಚಿತವಾಗುವ ತಂತ್ರಾಂಶದಲ್ಲಿ ಹೊರಗೆ ಬಂದದ್ದೆಲ್ಲವೂ ಬಿಡುಗಡೆಯೇ. ಮುಕ್ತ ತಂತ್ರಾಂಶದಲ್ಲಾದರೋ ಅರೆಬೆಂದದ್ದೂ ಸದಾ ಎಲ್ಲರ ಕಣ್ಣಿಗೆ ಬೀಳುತ್ತಿರುತ್ತದೆ. ಆದುದರಿಂದ ಇಲ್ಲಿ ಬಿಡುಗಡೆ ಎಂದರೆ ವಸ್ತುವನ್ನು ಹೊರಗಿಡುವುದಲ್ಲ. ‘ಇದಕ್ಕೆ ನಾವು ಹೊಣೆ’ ಎಂದು ಘೋಷಿಸುವುದು. ಹಸ್ತಪ್ರತಿ ಹಲವರ ಕೈಯಲ್ಲಿದ್ದರೂ ಸಂಪಾದಕನು ಪರಿಷ್ಕರಿಸಿ ಮುದ್ರಣಕ್ಕೆ ಒಪ್ಪಿಗೆಯಿತ್ತ ಪಾಠವೇ ಗ್ರಂಥವೆನಿಸಿಕೊಳ್ಳುವಂತೆ ಇದು.

ಸಿದ್ಧವಾಗುತ್ತಿರುವ ಆವೃತ್ತಿಯನ್ನು ಸಂಖ್ಯೆಯಿಂದ ಕರೆಯದೆ ಸಂಕೇತನಾಮದಿಂದ ಕರೆಯುವ ಪದ್ಧತಿಯೂ ಆ ಕಾಲದಿಂದ ಬಂದುದೇ. ‘ಟಾಯ್ ಸ್ಟೋರಿ’ ಎಂಬ ಚಲನಚಿತ್ರದ ಪಾತ್ರಗಳ ಹೆಸರುಗಳನ್ನು ಇದಕ್ಕಾಗಿ ಆರಿಸಿಕೊಂಡಿದ್ದಾರೆ. ಬಜ್, ಸಾರ್ಜ್, ಎಚ್, ಸ್ಕ್ವೀಜ್, ಬುಕ್‌ವರ್ಮ್ ಮುಂತಾದವು ಹೀಗೆ ಬಂದ ಹೆಸರುಗಳು.

೩. ಮೂರು ನೆಲೆಗಳು

ಡೆಬಿಯನ್ನಿನ ಭಂಡಾರದಲ್ಲಿ ಮುಖ್ಯವಾಗಿ ಮೂರು ನೆಲೆಗಳಿವೆ: ಅನ್‌ಸ್ಟೇಬಲ್, ಟೆಸ್ಟಿಂಗ್, ಸ್ಟೇಬಲ್. ಇವನ್ನು ಕ್ರಮವಾಗಿ ಅಸ್ಥಿರ, ಪರೀಕ್ಷಾಧೀನ, ಸ್ಥಿರ ಎಂದು ಕರೆಯೋಣ.

ಪಾಲಕನು ಹೊಸದಾಗಿ ಸಿದ್ಧಪಡಿಸಿದ ಪ್ಯಾಕೇಜು ಮೊದಲು ಅಸ್ಥಿರ ನೆಲೆಗೆ ಬರುತ್ತದೆ. ಈ ನೆಲೆಗೆ ಎಂದೆಂದಿಗೂ ‘ಸಿಡ್’ ಎಂದೇ ಹೆಸರು. ಮೇಲೆ ಹೇಳಿದ ಚಲನಚಿತ್ರದಲ್ಲಿ ಸಿಡ್ ಎಂಬುವನು ಆಟಿಕೆಗಳನ್ನು ಮುರಿಯುವ ನೆರೆಮನೆಯ ಹುಡುಗ. ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಅಸ್ಥಿರ ನೆಲೆಯಿಂದ ಪ್ಯಾಕೇಜು ಪರೀಕ್ಷಾಧೀನ ನೆಲೆಗೆ ಸಾಗುತ್ತದೆ. ಪರೀಕ್ಷಾಧೀನ ನೆಲೆ ಪರಿಪಕ್ವವಾದಾಗ ಅದನ್ನೇ ಸ್ಥಿರವೆಂದು ಘೋಷಿಸುವರು.

ನಡುವಣ ನೆಲೆ ಮೊದಲಿನಿಂದ ಇದ್ದುದಲ್ಲ. ಹಿಂದೆ ಅಸ್ಥಿರ ನೆಲೆಯ ಪ್ರತಿಯೊಂದನ್ನು ಒಂದು ದಿನ ಹಾಗೆಯೇ ತೆಗೆದು ಬೇರೆಯಾಗಿಟ್ಟು, ಅದರಲ್ಲಿದ್ದ ದೋಷಗಳನ್ನು ತಿಂಗಳುಗಟ್ಟಲೆ ತಿದ್ದುತ್ತಿದ್ದರು. ಪ್ಯಾಕೇಜುಗಳು ನೂರಾರು ಇದ್ದಾಗ ಇದು ಸಾಧ್ಯವಾಗಿತ್ತು. ಸಾವಿರಾರು ಆದಾಗ ದುಸ್ಸಾಧ್ಯವಾಯಿತು. ೨೦೦೦ನೆಯ ಇಸವಿಯ ಕೊನೆಯಲ್ಲಿ ಪರೀಕ್ಷಾಧೀನ ನೆಲೆಯನ್ನು ಏರ್ಪಡಿಸಿದ ಮೇಲೆ, ಬಿಡುಗಡೆಗೆ ಹತ್ತಿರವಾದ ಸ್ಥಿತಿಯಲ್ಲಿ ಸದಾ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದು ಶಕ್ಯವಾಯಿತು.

ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗುವುದನ್ನು ಮನುಷ್ಯರು ನಿತ್ಯವೂ ನಿರ್ಣಯಿಸುವುದಿಲ್ಲ. ‘ಬ್ರಿಟ್ನಿ’ ಎಂಬ ಕ್ರಮವಿಧಿಯೊಂದು ನಿಯಮಗಳನ್ನು ನೋಡಿ ನಿರ್ಣಯಿಸುತ್ತದೆ. ನಿಯಮಗಳಲ್ಲಿ ಮುಖ್ಯವಾದವು ನಾಲ್ಕು. ಮೊದಲನೆಯದಾಗಿ, ಪ್ಯಾಕೇಜು ಅಸ್ಥಿರ ನೆಲೆಯಲ್ಲಿ ಕೆಲವು ದಿನಗಳಾದರೂ ಇದ್ದಿರಬೇಕು. ತುರ್ತನ್ನನುಸರಿಸಿ ಇದು ಎರಡು, ಐದು ಅಥವಾ ಹತ್ತು ದಿನ. ಎರಡನೆಯದಾಗಿ, ಡೆಬಿಯನ್ ಬೆಂಬಲಿಸುವ ಬೇರೆ ಬೇರೆ ಜಾತಿಯ ಯಂತ್ರಗಳಲ್ಲೆಲ್ಲ ಅದು ಸಿದ್ಧಗೊಂಡಿರಬೇಕು. ಮೂರನೆಯದಾಗಿ, ಈಗಾಗಲೇ ಪರೀಕ್ಷಾಧೀನ ನೆಲೆಯಲ್ಲಿರುವ ಪ್ರತಿಯಲ್ಲಿ ಇಲ್ಲದ ಯಾವ ಗಂಭೀರ ದೋಷವೂ ಹೊಸದರಲ್ಲಿ ಇರಕೂಡದು. ನಾಲ್ಕನೆಯದಾಗಿ, ಅದರ ಪ್ರವೇಶದಿಂದ ಅಲ್ಲಿರುವ ಬೇರೆ ಯಾವ ಪ್ಯಾಕೇಜೂ ಕೆಡಬಾರದು.

ಮೊದಲನೆಯ ನಿಯಮ ಮೇಲುನೋಟಕ್ಕೆ ಕೇವಲ ಕಾಲಹರಣದಂತೆ ತೋರಬಹುದು. ವಾಸ್ತವವಾಗಿ ಅದೇ ಈ ಕ್ರಮದ ಜೀವಾಳ. ಅಸ್ಥಿರ ನೆಲೆಯನ್ನು ತಿಳಿದೇ ಬಳಸುವ ಅನುಭವಿಗಳು ಅನೇಕರಿದ್ದಾರೆ. ಅವರ ನಿತ್ಯದ ಬಳಕೆಯೇ ಪರೀಕ್ಷೆ; ಆ ಪರೀಕ್ಷೆಗೆ ಬೇಕಾದುದು ಕಾಲ.

೪. ದೋಷಗಳ ತಾರತಮ್ಯ ಮತ್ತು ಸ್ತಂಭನ

ದೋಷವಿಲ್ಲದ ತಂತ್ರಾಂಶವಿಲ್ಲ. ಆದ್ದರಿಂದ ‘ದೋಷವಿದೆಯೇ?’ ಎಂದು ಕೇಳಿ ಬಿಡುಗಡೆಯನ್ನು ನಿರ್ಣಯಿಸುವುದಾದರೆ ಬಿಡುಗಡೆ ಎಂದಿಗೂ ಆಗದು. ‘ಎಂತಹ ದೋಷವಿದೆ?’ ಎಂಬುದೇ ಸರಿಯಾದ ಪ್ರಶ್ನೆ. ಡೆಬಿಯನ್ನಿನ ದೋಷದಾಖಲೆಯಲ್ಲಿ ಪ್ರತಿಯೊಂದು ದೋಷಕ್ಕೂ ಒಂದು ದರ್ಜೆಯನ್ನು ಕೊಡುತ್ತಾರೆ. ಏಳು ದರ್ಜೆಗಳಲ್ಲಿ ಮೇಲಿನ ಮೂರು ಬಿಡುಗಡೆಯನ್ನು ತಡೆಯತಕ್ಕವು. ಬಳಕೆದಾರನ ದತ್ತಾಂಶವನ್ನು ನಾಶಮಾಡುವುದು, ರಕ್ಷಣೆಯಲ್ಲಿ ಬಿರುಕನ್ನುಂಟುಮಾಡುವುದು, ಪ್ಯಾಕೇಜನ್ನು ನಿರುಪಯೋಗಿಯಾಗಿಸುವುದು, ಯೋಜನೆಯ ನಿಯಮಾವಳಿಯನ್ನು ತೀವ್ರವಾಗಿ ಮೀರುವುದು ಈ ವರ್ಗಕ್ಕೆ ಸೇರುತ್ತವೆ. ಉಳಿದ ನಾಲ್ಕು ದರ್ಜೆಗಳ ದೋಷಗಳು ಎಷ್ಟಿದ್ದರೂ ಅವುಗಳೊಡನೆಯೇ ಬಿಡುಗಡೆಯಾಗಬಹುದು.

ಬಿಡುಗಡೆಯ ಹೊಣೆ ಹೊತ್ತ ಒಂದು ಮಂಡಲಿಯುಂಟು. ಯೋಜನೆಯ ಸದಸ್ಯರು ಪ್ರತಿವರ್ಷ ಮತದಿಂದ ಆರಿಸುವ ನಾಯಕನು ಈ ಮಂಡಲಿಗೆ ಅಧಿಕಾರವನ್ನು ವಹಿಸಿಕೊಡುತ್ತಾನೆ. ಆದರೆ ಈ ಅಧಿಕಾರದ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ‘ಈ ದೋಷವನ್ನು ನಾಳೆಯೊಳಗೆ ತಿದ್ದು’ ಎಂದು ಯಾವ ಸ್ವಯಂಸೇವಕನಿಗೂ ಆಜ್ಞೆ ಮಾಡುವ ಶಕ್ತಿ ಮಂಡಲಿಗಿಲ್ಲ. ಅದಕ್ಕಿರುವುದು ಬಾಗಿಲನ್ನು ಮುಚ್ಚುವ ಶಕ್ತಿ ಮಾತ್ರ. ಗಂಭೀರ ದೋಷವನ್ನು ತಿದ್ದದೆ ಬಿಟ್ಟ ಪ್ಯಾಕೇಜನ್ನು, ಅದು ವ್ಯವಸ್ಥೆಗೆ ಅತ್ಯಾವಶ್ಯಕವಾದುದಲ್ಲದಿದ್ದರೆ, ಪಾಲಕನಿಗೆ ಮುನ್ಸೂಚನೆಯಿತ್ತು ಪರೀಕ್ಷಾಧೀನ ನೆಲೆಯಿಂದ ತೆಗೆದುಹಾಕಲಾಗುತ್ತದೆ. ಅದಿಲ್ಲದೆಯೇ ಬಿಡುಗಡೆ ನಡೆಯುತ್ತದೆ. ತನ್ನ ಪ್ಯಾಕೇಜು ಮುಂದಿನ ಆವೃತ್ತಿಯಲ್ಲಿ ಇರಬೇಕೆಂಬ ಆಸೆಯುಳ್ಳ ಪಾಲಕನು ತಾನಾಗಿಯೇ ಕೆಲಸಮಾಡುತ್ತಾನೆ.

ಬಾಗಿಲು ಮುಚ್ಚುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಫ್ರೀಜ್’ ಎನ್ನುತ್ತಾರೆ, ಸ್ತಂಭನವೆನ್ನಬಹುದು. ಇದು ಒಮ್ಮೆಗೇ ಆಗುವುದಿಲ್ಲ. ಬುಕ್‌ವರ್ಮ್ ಎಂಬ ಹನ್ನೆರಡನೆಯ ಆವೃತ್ತಿಯ ಉದಾಹರಣೆಯನ್ನು ನೋಡೋಣ. ೨೦೨೩ರ ಜನವರಿ ೧೨ರಿಂದ, ಅನೇಕ ಪ್ಯಾಕೇಜುಗಳನ್ನು ಒಟ್ಟಿಗೆ ಕದಲಿಸುವ ದೊಡ್ಡ ಬದಲಾವಣೆಗಳು ನಿಷಿದ್ಧವಾದವು. ಫೆಬ್ರುವರಿ ೧೨ರಿಂದ ಹೊಸ ಪ್ಯಾಕೇಜುಗಳಿಗೆ ಪ್ರವೇಶ ನಿಂತು, ಸಣ್ಣ ತಿದ್ದುಪಡಿಗಳಿಗೆ ಮಾತ್ರ ಅವಕಾಶ ಉಳಿಯಿತು. ಮಾರ್ಚ್ ೧೨ರಿಂದ ಮುಖ್ಯ ಪ್ಯಾಕೇಜುಗಳ ಪ್ರತಿಯೊಂದು ಬದಲಾವಣೆಯನ್ನೂ ಮಂಡಲಿ ಓದಿ ಒಪ್ಪಬೇಕಾಯಿತು. ಮೇ ೨೪ರಿಂದ ಎಲ್ಲ ಪ್ಯಾಕೇಜುಗಳಿಗೂ ಈ ನಿರ್ಬಂಧ ಅನ್ವಯಿಸಿತು. ಜೂನ್ ೧೦ರಂದು ೬೪,೪೧೯ ಪ್ಯಾಕೇಜುಗಳುಳ್ಳ ಆವೃತ್ತಿ ಬಿಡುಗಡೆಯಾಯಿತು. ತಿಂಗಳು ಕಳೆದಂತೆ ಬಾಗಿಲು ಕಿರಿದಾಗುತ್ತ ಬಂದುದನ್ನು ಇಲ್ಲಿ ಗಮನಿಸಬಹುದು.

೫. ಕಾಲವೋ ಗುಣವೋ?

‘ಯಾವಾಗ ಬಿಡುಗಡೆ?’ ಎಂಬ ಪ್ರಶ್ನೆಗೆ ಮುಕ್ತ ತಂತ್ರಾಂಶದ ಲೋಕದಲ್ಲಿ ಎರಡು ಉತ್ತರಗಳಿವೆ. ಲಿನಕ್ಸ್ ತಿರುಳಿನವರು ಕಾಲವನ್ನು ಹಿಡಿದು ನಡೆಯುತ್ತಾರೆ: ಎರಡು ವಾರ ಹೊಸದನ್ನು ಸೇರಿಸಿಕೊಂಡು, ಅನಂತರ ವಾರಕ್ಕೊಂದರಂತೆ ಪರೀಕ್ಷಾಪ್ರತಿಗಳನ್ನು ಹೊರಡಿಸಿ, ಒಂಬತ್ತು ಹತ್ತು ವಾರಗಳಿಗೊಮ್ಮೆ ಆವೃತ್ತಿಯನ್ನು ಪ್ರಕಟಿಸುತ್ತಾರೆ. ಸಿದ್ಧವಾಗದಿದ್ದುದು ಮುಂದಿನ ಆವೃತ್ತಿಗೆ ಕಾಯಬೇಕು. ಡೆಬಿಯನ್ನಿನವರ ಸಾಂಪ್ರದಾಯಿಕ ಉತ್ತರ ‘ಸಿದ್ಧವಾದಾಗ’ ಎಂಬುದು.

ಈ ಉತ್ತರದ ಬೆಲೆಯನ್ನು ಅವರು ಸಾರ್ಜ್ ಆವೃತ್ತಿಯಲ್ಲಿ ತೆತ್ತರು. ಹಿಂದಿನ ಆವೃತ್ತಿ ಬಂದದ್ದು ೨೦೦೨ರ ಜುಲೈಯಲ್ಲಿ. ಸಾರ್ಜ್ ಬಂದದ್ದು ೨೦೦೫ರ ಜೂನ್ ೬ರಂದು. ಈ ಮೂರು ವರ್ಷಗಳ ಅಂತರದಲ್ಲಿ ಸ್ಥಿರ ಆವೃತ್ತಿ ಹೊಸ ಯಂತ್ರಗಳಿಗೆ ಹೊಂದದಷ್ಟು ಹಳತಾಯಿತು. ವಿಳಂಬಕ್ಕೆ ತಾಂತ್ರಿಕ ಕಾರಣಗಳಷ್ಟೇ ಇರಲಿಲ್ಲ. ೨೦೦೪ರಲ್ಲಿ ಸದಸ್ಯರು ತಮ್ಮ ‘ಸಾಮಾಜಿಕ ಒಪ್ಪಂದ’ಕ್ಕೆ ತಿದ್ದುಪಡಿಯೊಂದನ್ನು ಮತದಿಂದ ಅಂಗೀಕರಿಸಿದರು. ಅದರಂತೆ ಕ್ರಮವಿಧಿಗಳು ಮಾತ್ರವಲ್ಲ, ಅವುಗಳೊಡನೆ ಬರುವ ಕೈಪಿಡಿ ಮುಂತಾದ ಎಲ್ಲವೂ ಮುಕ್ತವಾಗಿರಬೇಕು. ಅಂಗೀಕರಿಸಿದ ಮೇಲೆ, ಇದನ್ನು ಕೂಡಲೆ ಆಚರಣೆಗೆ ತಂದರೆ ಸಾರ್ಜ್ ಹೊರಬರುವುದೇ ಅಸಾಧ್ಯವೆಂಬುದು ಗೊತ್ತಾಯಿತು. ಕೊನೆಗೆ ಇನ್ನೊಂದು ಮತದಾನ ನಡೆಸಿ, ಸಾರ್ಜ್ ಬಿಡುಗಡೆಯಾಗುವವರೆಗೆ ತಿದ್ದುಪಡಿಯನ್ನು ಮುಂದೂಡಬೇಕಾಯಿತು. ಆದರ್ಶಕ್ಕೂ ಕಾರ್ಯಕ್ಕೂ ನಡುವೆ ಸಂಧಿಯಾದುದು ಮತದ ಮೂಲಕ.

ಎರಡನೆಯ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಎಚ್ ಆವೃತ್ತಿಯನ್ನು ೨೦೦೬ರ ಡಿಸೆಂಬರ್ ೪ರಂದು ಹೊರತರಬೇಕೆಂಬ ಗುರಿಯಿತ್ತು. ಅದನ್ನು ಸಾಧಿಸಲು, ಬಿಡುಗಡೆಯ ಹೊಣೆಗಾರರಿಬ್ಬರು ಪೂರ್ಣಕಾಲ ದುಡಿಯುವಂತೆ ಅವರಿಗೆ ಸ್ವಲ್ಪ ಕಾಲ ವೇತನ ಕೊಡುವ ಪ್ರಯೋಗವನ್ನು ಕೆಲವು ಸದಸ್ಯರು ಯೋಜನೆಯ ಹೊರಗೆ ಏರ್ಪಡಿಸಿದರು. ಇದರಿಂದ ತೀವ್ರವಾದ ವಿವಾದ ಹುಟ್ಟಿತು. ಒಂದೇ ಕೆಲಸವನ್ನು ಇಬ್ಬರು ಹಣಕ್ಕಾಗಿಯೂ ಉಳಿದವರು ಪ್ರೀತಿಗಾಗಿಯೂ ಮಾಡುವುದು ಸರಿಯೇ ಎಂದು ಆಕ್ಷೇಪಿಸಿದವರು ಅನೇಕರು. ಕೆಲವರು ತಮ್ಮ ಕೆಲಸವನ್ನೇ ಕಡಿಮೆಮಾಡಿದರು. ಆವೃತ್ತಿ ಬಂದದ್ದು ೨೦೦೭ರ ಏಪ್ರಿಲ್ ೮ರಂದು. ವಿಳಂಬಕ್ಕೆ ಈ ವಿವಾದವೊಂದೇ ಕಾರಣವೆನ್ನುವುದು ಸಾಧುವಲ್ಲ. ಆದರೆ ಸ್ವಯಂಸೇವೆಯ ಕೂಟದಲ್ಲಿ ಸದಸ್ಯರ ಪರಸ್ಪರ ವಿಶ್ವಾಸವೂ ಬಿಡುಗಡೆಗೆ ಬೇಕಾದ ಸಾಮಗ್ರಿಯೇ ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

೨೦೦೯ರ ಜುಲೈಯಲ್ಲಿ, ಇನ್ನು ಮುಂದೆ ಎರಡು ವರ್ಷಗಳಿಗೊಮ್ಮೆ ನಿಯತಕಾಲದಲ್ಲಿ ಸ್ತಂಭನವಾಗುವುದೆಂದೂ ಮೊದಲನೆಯದು ಅದೇ ಡಿಸೆಂಬರಿನಲ್ಲೆಂದೂ ಪ್ರಕಟವಾಯಿತು. ಅಷ್ಟು ಹತ್ತಿರದ ದಿನಕ್ಕೆ ಸದಸ್ಯರು ಒಪ್ಪಲಿಲ್ಲ. ಆ ದಿನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಸ್ತಂಭನ ನಡೆದದ್ದು ೨೦೧೦ರ ಆಗಸ್ಟಿನಲ್ಲಿ. ಆದರೂ ಆ ಸೂಚನೆಯ ಸಾರ ಉಳಿದುಕೊಂಡಿತು. ಮುಂದೆ ರೂಢಿಗೆ ಬಂದ ಪದ್ಧತಿಯಲ್ಲಿ ಸ್ತಂಭನದ ದಿನವನ್ನು ಬಹಳ ಮೊದಲೇ ಗೊತ್ತುಮಾಡುತ್ತಾರೆ; ಬಿಡುಗಡೆಯ ದಿನವನ್ನು ಗಂಭೀರ ದೋಷಗಳು ಕರಗಿದ ಮೇಲೆಯೇ ನಿಶ್ಚಯಿಸುತ್ತಾರೆ. ಬಾಗಿಲು ಮುಚ್ಚುವುದಕ್ಕೆ ಕಾಲ ಪ್ರಮಾಣ. ಹೊರಗೆ ಕಳುಹಿಸುವುದಕ್ಕೆ ಗುಣ ಪ್ರಮಾಣ. ೨೦೧೩ರಿಂದ ೨೦೨೫ರವರೆಗೆ ಎರಡು ವರ್ಷಗಳಿಗೊಂದರಂತೆ ಏಳು ಆವೃತ್ತಿಗಳು ತಪ್ಪದೆ ಬಂದಿರುವುದು ಈ ಸಮನ್ವಯದ ಫಲ. ಇವುಗಳಲ್ಲಿ ಏಳನೆಯದಾದ ಟ್ರಿಕ್ಸಿ ೨೦೨೫ರ ಆಗಸ್ಟ್ ೯ರಂದು ಪ್ರಕಟವಾಯಿತು.

೬. ಕ್ರಮದ ಬಲವೂ ಮಿತಿಯೂ

ಇಷ್ಟೆಲ್ಲ ಜರಡಿಗಳಿದ್ದರೂ ದೋಷ ನುಸುಳುವುದಿಲ್ಲವೇ ಎಂದು ವಾಚಕರು ಕೇಳಬಹುದು. ಎರಡು ಘಟನೆಗಳನ್ನು ಎದುರುಬದುರಾಗಿಟ್ಟು ನೋಡಿದರೆ ಉತ್ತರ ಸ್ಪಷ್ಟವಾಗುತ್ತದೆ.

ಓಪನ್‌ಎಸ್‌ಎಸ್‌ಎಲ್ ಎಂಬುದು ಗೂಢಲಿಪಿಯ ಕೀಲಿಗಳನ್ನು ತಯಾರಿಸುವ ತಂತ್ರಾಂಶ. ಕೀಲಿಯ ಬಲವೆಲ್ಲ ಅದರ ಊಹಾತೀತತೆಯಲ್ಲಿದೆ. ೨೦೦೬ರಲ್ಲಿ, ಪರಿಶೀಲನೆಯ ಉಪಕರಣವೊಂದು ಎಚ್ಚರಿಕೆ ನೀಡಿದ್ದನ್ನು ಕಂಡು, ಡೆಬಿಯನ್ನಿನ ಪ್ರತಿಯಲ್ಲಿ ಕೆಲವು ಪಂಕ್ತಿಗಳನ್ನು ತೆಗೆದರು. ಆ ಪಂಕ್ತಿಗಳೊಡನೆ ಯಾದೃಚ್ಛಿಕತೆಯನ್ನು ಒದಗಿಸುವ ಭಾಗವೂ ಹೋಯಿತು. ಉಳಿದದ್ದು ೩೨,೭೬೮ನ್ನು ಮೀರದ ಒಂದು ಕ್ರಮಸಂಖ್ಯೆ ಮಾತ್ರ. ಅಂದರೆ ಒಂದು ಜಾತಿಯ ಯಂತ್ರದಲ್ಲಿ, ಒಂದು ಬಗೆಯ, ಒಂದು ಉದ್ದದ ಕೀಲಿಗಳು ಸುಮಾರು ೩೨ ಸಾವಿರಕ್ಕಿಂತ ಹೆಚ್ಚಿಗೆ ಹುಟ್ಟಲಾರವು. ಎಲ್ಲವನ್ನೂ ಒಂದೊಂದಾಗಿ ಪ್ರಯೋಗಿಸಿ ನೋಡುವುದು ಗಣಕಯಂತ್ರಕ್ಕೆ ಕಷ್ಟವಲ್ಲ. ಈ ಪ್ಯಾಕೇಜು ಎಲ್ಲ ಜರಡಿಗಳನ್ನೂ ದಾಟಿ ೨೦೦೭ರಲ್ಲಿ ಎಚ್ ಆವೃತ್ತಿಯೊಡನೆ ಬಿಡುಗಡೆಯಾಯಿತು. ದೋಷ ಬಯಲಾದದ್ದು ೨೦೦೮ರ ಮೇ ೧೩ರಂದು. ಪ್ಯಾಕೇಜನ್ನು ತಿದ್ದಿದರಷ್ಟೇ ಸಾಲದಾಯಿತು. ಅದು ತಯಾರಿಸಿದ್ದ ಕೀಲಿಗಳನ್ನೆಲ್ಲ ಲೋಕದಾದ್ಯಂತ ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಈ ದೋಷ ಸಿಕ್ಕದೆ ಹೋದದ್ದೇಕೆ? ತಂತ್ರಾಂಶ ನೋಡುವವರಿಗೆ ಸರಿಯಾಗಿಯೇ ನಡೆಯುತ್ತಿತ್ತು. ಕೀಲಿ ಹುಟ್ಟುತ್ತಿತ್ತು, ಬೀಗ ತೆರೆಯುತ್ತಿತ್ತು. ಬಳಕೆಯಲ್ಲಿ ನೋವಾಗದ ದೋಷವನ್ನು ಬಳಕೆಯೆಂಬ ಪರೀಕ್ಷೆ ಹಿಡಿಯಲಾರದು. ಕಾಲವನ್ನು ಎಷ್ಟು ಕೊಟ್ಟರೂ ಇಲ್ಲಿ ಪ್ರಯೋಜನವಿಲ್ಲ. ಬಲ್ಲವನೊಬ್ಬನು ಮೂಲವನ್ನು ಓದಿ ನೋಡಬೇಕು.

ಇನ್ನೊಂದು ಘಟನೆ ೨೦೨೪ರದು. ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದ ಮೂಲಕರ್ತೃಗಳ ಗುಂಪಿಗೆ ಸೇರಿ ವಿಶ್ವಾಸ ಗಳಿಸಿದ್ದ ವ್ಯಕ್ತಿಯೊಬ್ಬನು, ೫.೬.೦ ಮತ್ತು ೫.೬.೧ ಎಂಬ ಆವೃತ್ತಿಗಳಲ್ಲಿ ಗುಪ್ತದ್ವಾರವೊಂದನ್ನು ಅಡಗಿಸಿಟ್ಟನು. ಅವು ಡೆಬಿಯನ್ನಿನ ಅಸ್ಥಿರ ನೆಲೆಗೂ ಪರೀಕ್ಷಾಧೀನ ನೆಲೆಗೂ ಬಂದವು. ಅಸ್ಥಿರ ನೆಲೆಯನ್ನು ಬಳಸುತ್ತಿದ್ದ ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞನಿಗೆ, ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಕಂಡುಬಂದಿತು. ಆತನು ಅದರ ಜಾಡನ್ನು ಹಿಡಿದು ಹೋಗಿ, ಮಾರ್ಚ್ ೨೯ರಂದು ಸಂಗತಿಯನ್ನು ಬಹಿರಂಗಪಡಿಸಿದನು. ಸ್ಥಿರ ಆವೃತ್ತಿಗೆ ಇದು ತಗಲಿರಲಿಲ್ಲ. ಸಿದ್ಧವಾಗುತ್ತಿದ್ದ ೧೨.೬ ಎಂಬ ಉಪಾವೃತ್ತಿಯನ್ನು ಪರಿಶೀಲನೆಗಾಗಿ ತಡೆಹಿಡಿದು, ಜೂನ್ ತಿಂಗಳ ಕೊನೆಯಲ್ಲಿ ಹೊರಡಿಸಿದರು.

ಇಲ್ಲಿಯೂ ನಿಯಮಗಳು ದೋಷವನ್ನು ಹಿಡಿಯಲಿಲ್ಲವೆಂಬುದನ್ನು ಒಪ್ಪಬೇಕು. ಹಿಡಿದದ್ದು ಒಬ್ಬ ಮನುಷ್ಯನ ಕುತೂಹಲ. ಆದರೆ ಆ ಕುತೂಹಲಕ್ಕೆ ಎಡೆಯನ್ನೂ ವೇಳೆಯನ್ನೂ ಒದಗಿಸಿದ್ದು ಮೂರು ನೆಲೆಗಳ ಅಂತರ. ಹೊಸದು ನೇರವಾಗಿ ಸ್ಥಿರ ನೆಲೆಗೆ ಹೋಗುವಂತಿದ್ದರೆ ಪರಿಣಾಮ ಬೇರೆಯಾಗುತ್ತಿತ್ತು.

೭. ಬಿಡುಗಡೆಯ ಅನಂತರ

ಪ್ರಕಟವಾದ ಆವೃತ್ತಿ ಜಗತ್ತಿನ ನಾನಾ ಕಡೆಯ ಪ್ರತಿಭಂಡಾರಗಳಿಂದ ಜನರಿಗೆ ದೊರೆಯುತ್ತದೆ. ನಡುವೆ ಯಾರಾದರೂ ತಿದ್ದಿಟ್ಟರೆ ತಿಳಿಯುವುದು ಹೇಗೆ? ಪ್ರತಿಯೊಂದು ಪ್ಯಾಕೇಜಿನಿಂದಲೂ ಗಣಿತಕ್ರಮದಿಂದ ಒಂದು ಮುದ್ರೆಸಂಖ್ಯೆಯನ್ನು ತೆಗೆದು ಪಟ್ಟಿಮಾಡುತ್ತಾರೆ. ಆ ಪಟ್ಟಿಗಳ ಮುದ್ರೆಸಂಖ್ಯೆಗಳನ್ನು ಇನ್ನೊಂದು ಪಟ್ಟಿಯಲ್ಲಿ ಸೇರಿಸಿ, ಅದಕ್ಕೆ ಯೋಜನೆಯ ಗೂಢಲಿಪಿಯ ಸಹಿಯನ್ನು ಹಾಕುತ್ತಾರೆ. ಒಂದೇ ಸಹಿಯನ್ನು ಪರೀಕ್ಷಿಸಿ ಅರುವತ್ತು ಸಾವಿರ ಪ್ಯಾಕೇಜುಗಳ ಪ್ರಾಮಾಣ್ಯವನ್ನು ನಿಶ್ಚಯಿಸುವುದು ಹೀಗೆ ಸಾಧ್ಯವಾಗಿದೆ.

ಸ್ಥಿರ ಆವೃತ್ತಿಗೆ ಹೊಸ ಸೌಕರ್ಯಗಳನ್ನು ಸೇರಿಸುವುದಿಲ್ಲ. ಗಂಭೀರ ದೋಷಗಳ ಪರಿಹಾರವನ್ನು ಮಾತ್ರ ಕೆಲವು ತಿಂಗಳುಗಳಿಗೊಮ್ಮೆ ಉಪಾವೃತ್ತಿಗಳಾಗಿ ಹೊರಡಿಸುತ್ತಾರೆ. ಮುದ್ರಿತ ಗ್ರಂಥಕ್ಕೆ ಒಪ್ಪೋಲೆಯಿದ್ದಂತೆ ಇವು; ಹೊಸ ಅಧ್ಯಾಯಗಳಲ್ಲ. ಈ ಪೋಷಣೆ ಸುಮಾರು ಮೂರು ವರ್ಷ ನಡೆದು, ಅನಂತರ ಮತ್ತೊಂದು ತಂಡದ ಆಶ್ರಯದಲ್ಲಿ ಒಟ್ಟು ಐದು ವರ್ಷಗಳವರೆಗೆ ಮುಂದುವರಿಯುತ್ತದೆ.

ಕನ್ನಡಕ್ಕೂ ಈ ಕ್ರಮದೊಡನೆ ನೇರವಾದ ಸಂಬಂಧವಿದೆ. ೨೦೧೧ರ ಫೆಬ್ರುವರಿಯಲ್ಲಿ ಬಂದ ಸ್ಕ್ವೀಜ್ ಆವೃತ್ತಿಯಲ್ಲಿ ಡೆಬಿಯನ್ನನ್ನು ಯಂತ್ರದಲ್ಲಿ ಸ್ಥಾಪಿಸುವ ಚಿತ್ರರೂಪದ ಸಾಧನಕ್ಕೆ ಕನ್ನಡವೂ ಸೇರಿತು. ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಸರಿಯಾಗಿ ಮೂಡಿಸುವ ಶಕ್ತಿ ಬರಿಯ ಪಠ್ಯರೂಪದ ತೆರೆಗೆ ಇಲ್ಲದಿರುವುದರಿಂದ ಇದು ಚಿತ್ರರೂಪದಲ್ಲಿ ಮಾತ್ರ ದೊರೆಯಿತು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಡೆಬಿಯನ್ನಿನ ಪ್ಯಾಕೇಜುಗಳಾಗಿ, ಮೇಲೆ ವಿವರಿಸಿದ ಮೂರು ನೆಲೆಗಳನ್ನು ಹಾದೇ ಬಂದವು. ಭಾಷಾಂತರಕಾರನ ದೃಷ್ಟಿಯಿಂದ ಸ್ತಂಭನಕ್ಕೆ ಇನ್ನೊಂದು ಅರ್ಥವುಂಟು: ಮೂಲದ ವಾಕ್ಯಗಳು ಬದಲಾಗುತ್ತಲೇ ಇದ್ದರೆ ಅನುವಾದ ಎಂದಿಗೂ ಮುಗಿಯದು. ಮೂಲ ನಿಂತರೆ ಮಾತ್ರ ಕನ್ನಡ ಅದನ್ನು ಮುಟ್ಟಬಲ್ಲುದು. ಕೆಲಸಗಾರರು ಕೆಲವರೇ ಇರುವ ಭಾಷೆಗಳಿಗೆ ಈ ವಿರಾಮ ವಿಶೇಷವಾಗಿ ಉಪಕಾರಕ.

೮. ಉಪಸಂಹಾರ

ಮೊದಲಲ್ಲಿ ಎತ್ತಿಕೊಂಡ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ‘ಮುಗಿಯಿತು’ ಎಂದು ಹೇಳುವವರು ಚುನಾಯಿತ ನಾಯಕನಿಂದ ನಿಯುಕ್ತರಾದ ಕೆಲವರು. ಅವರಿಗೆ ಆಧಾರ ಮೊದಲೇ ಬರೆದಿಟ್ಟು ಎಲ್ಲರೂ ನೋಡಬಹುದಾದ ನಿಯಮಗಳು ಮತ್ತು ದೋಷಗಳ ಬಹಿರಂಗವಾದ ಪಟ್ಟಿ. ಉಳಿದವರು ಅವರ ಮಾತನ್ನು ಕೇಳುವುದು ಶಿಕ್ಷೆಯ ಭಯದಿಂದಲ್ಲ. ನಿಯಮ ತನಗೂ ಪಕ್ಕದವನಿಗೂ ಒಂದೇ ಎಂಬ ನಂಬಿಕೆಯಿಂದ. ಆ ನಂಬಿಕೆ ಕದಲಿದಾಗ ಏನಾಗುವುದೆಂಬುದನ್ನು ೨೦೦೬ರ ಪ್ರಸಂಗದಲ್ಲಿ ಕಂಡಿದ್ದೇವೆ.

ಇಂತಹ ಕ್ರಮ ದೋಷವನ್ನು ಪೂರ್ತಿಯಾಗಿ ತಡೆಯಲಾರದು. ಅದು ಮಾಡಬಲ್ಲುದು ಇಷ್ಟೇ: ದೋಷ ಬಹುಜನರಿಗೆ ತಟ್ಟುವ ಮುನ್ನ ಯಾರಾದರೊಬ್ಬರ ಕಣ್ಣಿಗೆ ಬೀಳಲು ವೇಳೆಯನ್ನು ಒದಗಿಸುವುದು, ಕಂಡವನ ಮಾತು ತಲಪಲು ದಾರಿಯನ್ನು ಇಡುವುದು. ನಮ್ಮ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಬೋಧಿಸುವಾಗ ತಂತ್ರಾಂಶವನ್ನು ಬರೆಯುವುದಕ್ಕೆ ಕೊಡುವ ಗಮನದಲ್ಲಿ ಒಂದು ಪಾಲನ್ನು ಅದನ್ನು ಹೊರತರುವುದಕ್ಕೂ ಕೊಡತಕ್ಕದ್ದು. ಡೆಬಿಯನ್ನಿನ ನಿಯಮಗಳೂ ದೋಷದಾಖಲೆಗಳೂ ಮತದಾನದ ವಿವರಗಳೂ ಎಲ್ಲರಿಗೂ ತೆರೆದಿರುವುದರಿಂದ, ಆಸಕ್ತ ವಿದ್ಯಾರ್ಥಿಗೆ ಅಧ್ಯಯನದ ಸಾಮಗ್ರಿಗೆ ಕೊರತೆಯಿಲ್ಲ. ಒಂದು ದೋಷವನ್ನು ಗುರುತಿಸಿ, ಸರಿಯಾದ ದರ್ಜೆಯನ್ನು ಸೂಚಿಸಿ ವರದಿಮಾಡುವುದರಿಂದಲೇ ಆತನು ತನ್ನ ಅಭ್ಯಾಸವನ್ನು ಆರಂಭಿಸಬಹುದು.